ಕುಷ್ಟಗಿಯಿಂದ ಬಂದ ಮಾಸ್ಕುಗಳು

ರೇಣುಕಾದೇವಿಯವರ ಬಾಯಿಂದ ಸುಳ್ಳು ಬರುವುದಿಲ್ಲ ಎಂಬುದು ಊರು ಒಪ್ಪಿಕೊಂಡ ಮಾತಾಗಿತ್ತು. ಅಂಗನವಾಡಿ ನಡೆಸಿ ನಿವೃತ್ತರಾದ ಆಕೆ ಮಕ್ಕಳ ಪಾಲಿನ ಬೆಲ್ಲದ ಚೂರನ್ನೂ ಸೆರಗಿಗೆ ಕಟ್ಟಿಕೊಂಡವರಲ್ಲ. ಹೊಲದ ಬದುವಿನ ತಂಟೆಯಿರಲಿ, ಅತ್ತೆ ಸೊಸೆಯರ ಜಗಳವಿರಲಿ, ಕೊನೆಗೆ “ಅಕ್ಕೋರು ಏನಂತಾರೋ ಕೇಳ್ರಿ” ಎಂದು ಜನ ಅವರ ಕಟ್ಟೆಗೇ ಬರುತ್ತಿದ್ದರು.

ಎರಡು ಸಾವಿರದ ಇಪ್ಪತ್ತರ ಯುಗಾದಿಯ ದಿನ ದೇಶಕ್ಕೆ ಬೀಗ ಬಿದ್ದಿತು. ಬಸ್ಸು ನಿಂತವು, ಕುಷ್ಟಗಿಯ ಸಂತೆ ನಿಂತಿತು, ಮಾಸ್ಕು ಬೇಕೆಂದರೆ ಔಷಧದ ಅಂಗಡಿಯವನು ತಲೆಯಾಡಿಸತೊಡಗಿದನು. ಆಗ ಮಹಿಳಾ ಸಂಘದವರು ತಾವೇ ಮಾಸ್ಕು ಹೊಲಿಸಿ ಮನೆಮನೆಗೆ ಹಂಚುವುದೆಂದು ನಿಶ್ಚಯಿಸಿದರು. ಬಟ್ಟೆಯಂಗಡಿಗಳು ಮುಚ್ಚಿದ್ದರೂ ಊರಿನಲ್ಲಿ ಬಟ್ಟೆಗೆ ಬರವಿರಲಿಲ್ಲ. ಉಡಿ ತುಂಬುವಾಗ ಕೊಟ್ಟ ಕುಪ್ಪಸದ ಖಣಗಳು ಪ್ರತಿ ಮನೆಯ ಟ್ರಂಕಿನಲ್ಲಿಯೂ ಮಡಿಕೆ ಬಿಚ್ಚದೆ ಕುಳಿತಿರುತ್ತವೆ. ಉಡಿಯಿಂದ ಉಡಿಗೆ ಸಾಗುತ್ತ ಊರೆಲ್ಲ ಸುತ್ತಿ, ಕೊಟ್ಟವಳ ಮನೆಗೇ ಮರಳಿ ಬರುವ ಖಣಗಳೂ ಉಂಟು. ರೇಣುಕಾದೇವಿಯವರು ಅವುಗಳಲ್ಲಿ ಹತ್ತಿಯವನ್ನು ಆರಿಸಿ ಗಂಟು ಕಟ್ಟಿಕೊಂಡು ಇಮಾಮಬೀಯ ಮನೆಗೆ ನಡೆದರು.

ಮಸೀದಿಯ ಹಿಂದಿನ ಓಣಿಯಲ್ಲಿ ಇಮಾಮಬೀಯದು ಒಂದಂಕಣದ ಮನೆ. ಗಂಡ ತೀರಿದ ಮೇಲೆ ಹೊಲಿಗೆ ಯಂತ್ರವೊಂದನ್ನೇ ನಂಬಿ ಬದುಕಿದವಳು. ಊರಿನ ಯಾವ ಮದುಮಗಳ ಕುಪ್ಪಸವೂ ಅವಳ ಕೈ ದಾಟದೆ ಹಂದರ ಕಂಡಿರಲಿಲ್ಲ. ಗಂಟು ಬಿಚ್ಚಿದ ಕೂಡಲೆ ಅವಳು ನಕ್ಕಳು.

“ಇದು ಯಮನೂರಮ್ಮಾಯಿ ಖಣ ಅಲ್ಲೇನಕ್ಕಾ? ಜಂಪರ ಹೊಲಿ ಅಂತ ತರಾಕಿ, ಮನಸ್ಸಾಗದ ಹೊಳ್ಳಿ ಒಯ್ಯಾಕಿ. ಮೈಗಿ ಹಾಕ್ಕೊಳ್ಳಾಕ ಜೀವ ಬರಲಿಲ್ಲ, ಕಡೀಕ ಮಾರಿಗೆ ಬಂತು ನೋಡು.”

ಮೊದಲ ಕಂತನ್ನು ಹಿಡಿದು ರೇಣುಕಾದೇವಿಯವರು ಹನಮಪ್ಪನ ಹಿಟ್ಟಿನ ಗಿರಣಿಗೆ ಹೋದರು. ಊರೆಲ್ಲ ಸೇರುವ ಜಾಗ ಅದೊಂದೇ ಉಳಿದಿತ್ತು. ಹನಮಪ್ಪ ಮಾಸ್ಕನ್ನು ಮುಟ್ಟಲಿಲ್ಲ. ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡನು.

“ಹೊಲದಾರ ಯಾರ್ರಿ, ಅಕ್ಕೋರ? ಮಸೂತಿ ಓಣ್ಯಾಗಿನವು ಆದ್ರ ನಮಗ ಬ್ಯಾಡ್ರಿ. ಮೊಬೈಲ್‌ನಾಗ ಏನೇನ ಬರಾಕತ್ತೈತಿ, ನೀವು ನೋಡಿಲ್ಲೇನು? ಬೇಕಂತನ ರೋಗ ಹಚ್ಚತಾರಂತ ಅವರು.”

ಸಾಲಿನಲ್ಲಿ ನಿಂತವರ ಕಿವಿಗಳೆಲ್ಲ ಇತ್ತ ತಿರುಗಿದವು. ಹನಮಪ್ಪನ ಹೆಂಡತಿ ಹಸುಗೂಸನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಆ ಮಾತು ಎಷ್ಟು ಹುಸಿಯೆಂದು ವಾದಿಸಲು ರೇಣುಕಾದೇವಿಯವರಲ್ಲಿ ಮಾತಿಗೇನೂ ಕೊರತೆಯಿರಲಿಲ್ಲ. ಆದರೆ ವಾದ ಗೆಲ್ಲುವಷ್ಟರಲ್ಲಿ ರೋಗ ಊರು ಹೊಕ್ಕರೆ? ಮಾಸ್ಕು ಮುಖ ಸೇರುವುದು ಮುಖ್ಯ, ಹೆಸರಿನಲ್ಲೇನಿದೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡರು.

“ಕುಷ್ಟಗಿಯಿಂದ ಬಂದಾವ,” ಎಂದರು.

ಅಕ್ಕೋರು ಹೇಳಿದ ಮೇಲೆ ಮುಗಿಯಿತು. ಕೈಗಳು ಮುಂದೆ ಬಂದವು.

ಆ ಸಂಜೆ ಇಮಾಮಬೀ ಯಂತ್ರ ನಿಲ್ಲಿಸಿ ಕೇಳಿದಳು: “ಮಂದಿ ಏನಂದ್ರಕ್ಕಾ?”

ಆ ಓಣಿಗೆ ಹಾಲಿನವನು ಬರುವುದನ್ನು ಬಿಟ್ಟಿದ್ದನು. ದಿನಾ ಎಲೆಯಡಿಕೆಗೆ ಬಂದು ಕೂರುತ್ತಿದ್ದ ಹೆಂಗಸರು ಇತ್ತ ಮುಖ ಹಾಕಿರಲಿಲ್ಲ. ಲಾಕ್‌ಡೌನ್ ಆದುದರಿಂದ ಹಾಗೆಂದು ಇಮಾಮಬೀ ತಿಳಿದಿದ್ದಳೋ, ತಿಳಿದಂತೆ ನಟಿಸಿದ್ದಳೋ. ಅವಳ ಕಣ್ಣುಗಳನ್ನು ನೋಡಿ ರೇಣುಕಾದೇವಿಯವರಿಗೆ ನಿಜ ಹೇಳುವ ಧೈರ್ಯ ಬರಲಿಲ್ಲ.

“ಭಾಳ ಛಲೋ ಅದಾವ ಅಂದ್ರು. ನಿನ್ನ ನೆನಿಸಿದ್ರು.”

“ಹನಮಪ್ಪನೂ?”

“ಅವನೂ.”

“ಅವನ ಹೇಣ್ತಿ ಬಸರಿದ್ದಾಗ ಕುಬಸಕ್ಕ ತೊಟ್ಟ ಹಸರ ಜಂಪರ ನಾನ ಹೊಲದದ್ದು. ಹೆಂಗ ಮರೀತಾನ ಬಿಡು,” ಎಂದು ಇಮಾಮಬೀ ಮತ್ತೆ ಪೆಡಲು ತುಳಿದಳು.

ಅಂದಿನಿಂದ ದಿನಕ್ಕೊಂದು ಮನೆಯ ಒಳ್ಳೆಯ ಮಾತು ಬೇಕಾಯಿತು. ಮಕ್ಕಳಿಗೆ ಕತೆ ಹೇಳಿ ಪಳಗಿದ ನಾಲಗೆ, ಕಟ್ಟುವುದು ಕಷ್ಟವಾಗಲಿಲ್ಲ. ಒಬ್ಬಳು ನಿನ್ನ ಕೈ ಬಂಗಾರದ್ದು ಎಂದಳಂತೆ, ಇನ್ನೊಬ್ಬಳು ಮಳೆಯಾದ ಮೇಲೆ ಮಗಳ ಕುಪ್ಪಸ ನಿನ್ನಲ್ಲಿಯೇ ಹೊಲಿಸುತ್ತೇನೆಂದಳಂತೆ. ಇಮಾಮಬೀ ಕೇಳುತ್ತ ಕೇಳುತ್ತ ಹೊಲಿದಳು. ಒಂದು ಕೊಡು ಎಂದರೆ ಎರಡು ಹೊಲಿದಳು.

ಒಂದು ದಿನ ಅವಳ ಮನೆಯಲ್ಲಿ ಹಿಟ್ಟು ಮುಗಿಯಿತು. ಜೋಳ ಬೀಸಿಸಿಕೊಂಡು ಬರುತ್ತೇನೆಂದು ರೇಣುಕಾದೇವಿಯವರು ಬುಟ್ಟಿಗೆ ಕೈ ಹಾಕಿದರೆ ಇಮಾಮಬೀ ಬಿಡಲಿಲ್ಲ.

“ನಾನ ಹೋಕ್ಕೀನಿ ಬಿಡಕ್ಕಾ. ಎಲ್ಲಾರೂ ಅಷ್ಟು ನೆನಿಸ್ಯಾರ. ಒಮ್ಮೆ ಮಾರಿ ತೋರಿಸಿ ಬರಬೇಕಲ್ಲ?”

“ಬಿಸಲು ಭಾಳ ಐತಿ...”

“ಬಿಸಲೇನು ನನಗ ಹೊಸಾದ?”

ಅಲ್ಲಿಯೇ ತಡೆಯಬೇಕಿತ್ತು. ತಡೆದರೆ ಕಾರಣ ಹೇಳಬೇಕಿತ್ತು. ರೇಣುಕಾದೇವಿಯವರು ಮಾಸ್ಕಿನ ಚೀಲ ಹೆಗಲಿಗೇರಿಸಿಕೊಂಡು ತೋಟದ ಮನೆಗಳ ಕಡೆಗೆ ನಡೆದುಬಿಟ್ಟರು.

ಮಧ್ಯಾಹ್ನ ಅವರು ಮರಳಿದಾಗ ಕಟ್ಟೆಯ ಮೇಲೆ ಮುದುಕಿ ಯಮನೂರಮ್ಮ ಕಾದು ಕುಳಿತಿದ್ದಳು.

“ಇಮಾಮಬೀ ಗಿರಣಿಗೆ ಬಂದಿದ್ಲವಾ. ಹನಮಪ್ಪ ಬುಟ್ಟಿ ಇಳಸಾಕ ಬಿಡಲಿಲ್ಲ. ನಿಮ್ಮ ಓಣ್ಯಾರು ಇತ್ತಾಗ ಬರಬ್ಯಾಡ್ರಿ, ನಾವು ಮಾಸ್ಕ ಸೈತ ಕುಷ್ಟಗಿಯಿಂದ ಬಂದವ ಹಾಕ್ಕೊಂಡೀವಿ ಅಂದ.”

“ಅಕಿ ಏನಂದ್ಲು?”

“ಏನಂತಾಳ? ಮಂದಿ ಮಾರಿ ನೋಡಕೋತ ನಿಂತ್ಲು. ಹನಮಪ್ಪಂದು ನೋಡಿದ್ಲು, ನಂದು ನೋಡಿದ್ಲು. ಎಲ್ಲಾರ ಮಾರಿ ಮ್ಯಾಲೂ ಅಕಿ ಹೊಲಿಗೀನ. ಆಮ್ಯಾಲೆ ಹೊಳ್ಳಿ ಹೋದ್ಲು.”

ರೇಣುಕಾದೇವಿಯವರು ಹೆಗಲ ಚೀಲವನ್ನು ಕಟ್ಟೆಯ ಮೇಲಿಳಿಸಿದರು. “ಅಕಿ ಹೊಲಿಗಿ ಅಂತ ನಿನಗ ಯಾರ ಹೇಳಿದ್ರು?”

“ಹೇಳಬೇಕೇನು? ಅಕಿ ಹೊಲದ ಜಂಪರದಾಗ ಮುದುಕಿ ಆಗೀನಿ ನಾ. ಮೂಲಿಗೆ ಎರಡು ಮಡಿಕಿ ಹಾಕಿ ಹೊಲಿಯಾಕಿ ಈ ಸೀಮ್ಯಾಗ ಇನ್ನೊಬ್ಬಾಕಿ ಯಾರದಾಳ? ಹೆಣ್ಮಕ್ಕಳಿಗೆಲ್ಲ ಮೊದಲನೇ ದಿನಾನ ಗೊತ್ತು. ಹನಮಪ್ಪನ ಹೇಣ್ತಿಗೂ ಗೊತ್ತು.”

“ಮತ್ತ ಒಬ್ಬರರ ಯಾಕ ಅನಲಿಲ್ಲ?”

ಯಮನೂರಮ್ಮ ನೆಲ ನೋಡಿದಳು. “ನೀನ ಕುಷ್ಟಗಿಯಿಂದ ಬಂದಾವ ಅಂದಿ. ಓದಿದಾಕಿ ನೀನ ಹಂಗ ಅಂದ ಮ್ಯಾಲೆ ನಾವೇನ ಅನ್ನೂಣವಾ?”

ಚಪ್ಪಲಿ ಮೆಟ್ಟದೆಯೇ ರೇಣುಕಾದೇವಿಯವರು ಮಸೀದಿಯ ಓಣಿಗೆ ಹೋದರು. ಇಮಾಮಬೀ ಯಂತ್ರಕ್ಕೆ ಹಳೆಯ ಸೀರೆ ಹೊದಿಸಿದ್ದಳು. ಉಳಿದ ಖಣಗಳನ್ನೆಲ್ಲ ಹೊಲಿದು ಮುಗಿಸಿ, ಮಡಚಿ, ಚೀಲಕ್ಕೆ ತುಂಬಿಟ್ಟಿದ್ದಳು. ಬೀಸದ ಜೋಳದ ಬುಟ್ಟಿ ಬಾಗಿಲ ಬಳಿಯಲ್ಲಿತ್ತು.

“ದಿನಾ ಸಂಜೀಕ ಬಂದು ಅಷ್ಟೆಲ್ಲ ಹೇಳತಿದ್ದಿ ಅಲ್ಲಕ್ಕಾ,” ಎಂದಳು ಇಮಾಮಬೀ. ದನಿಯಲ್ಲಿ ಸಿಟ್ಟಿರಲಿಲ್ಲ. “ಅದರಾಗ ಒಂದರ ಖರೇ ಇತ್ತೇನು?”

ರೇಣುಕಾದೇವಿಯವರು ಹುಡುಕಿದರು. ಒಂದೂ ಸಿಗಲಿಲ್ಲ.

“ನಾಳೆ ಮನಿ ಮನಿಗೆ ಹೋಗಿ ಹೇಳತೀನಿ. ಇಮಾಮಬೀ ಹೊಲದಾಳ ಅಂತ ಎದ್ರಿಗೆ ನಿಂತು ಹೇಳತೀನಿ.”

“ಬ್ಯಾಡ. ಹೇಳಿದ್ರ ತಗದು ಒಲಿಗೆ ಹಾಕ್ತಾರ. ಹನಮಪ್ಪನ ಮನ್ಯಾಗ ಹಸುಗೂಸೈತಿ. ಇರಲಿ, ಹಾಕ್ಕೊಳ್ಳಲಿ.” ಚೀಲವನ್ನು ಮುಂದಕ್ಕೆ ಸರಿಸಿದಳು. “ಕುಷ್ಟಗಿಯಿಂದ ಬಂದಾವ ಅಂತನ ಹೇಳು. ನನ್ನಾಣಿ ಐತಿ ನಿನಗ.”

ರೇಣುಕಾದೇವಿಯವರು ಚೀಲವನ್ನು ಹೆಗಲಿಗೆ ಹಾಕಿಕೊಂಡರು. ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡರು. ಅಕ್ಕೋರ ತಲೆಯ ಮೇಲೆ ಬುಟ್ಟಿಯನ್ನು ಊರು ಅದುವರೆಗೆ ಕಂಡಿರಲಿಲ್ಲ. ಗಿರಣಿಯ ಮುಂದೆ ಇಳಿಸಿ, “ಇದು ಇಮಾಮಬೀ ಜೋಳ. ಬೀಸಿ ಕೊಡು,” ಎಂದರು.

ಹನಮಪ್ಪ ಮತ್ತೆ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡನು. “ನೀವು ತಂದೀರಿ ಅಂತ ಬ್ಯಾಡ ಅನ್ನಂಗಿಲ್ರಿ. ಎಲ್ಲಾರದೂ ಆಗಲಿ. ಕಡೀಕ ಹಾಕ್ತೀನಿ.”

ಅವರು ಮೆಟ್ಟಿಲ ಮೇಲೆ ಕುಳಿತರು. ದೂರ ದೂರ ನಿಲ್ಲಲೆಂದು ಎಳೆದ ಸುಣ್ಣದ ಗೆರೆಗಳಲ್ಲಿ ಹೆಂಗಸರು ಒಬ್ಬೊಬ್ಬರೇ ಬಂದು ನಿಂತು, ಬೀಸಿಸಿಕೊಂಡು, ಹೋದರು. ತಡವಾಗಿ ಬಂದವರೂ ಮುಂದಾದರು. ಬುಟ್ಟಿ ಯಾರದೆಂದು ಯಾರೂ ಕೇಳಲಿಲ್ಲ. ಮಾಗಿಯಲ್ಲಿ ಮದುವೆಯಾಗಿ ಬಂದ ರಂಜಿತಾ ಮಾತ್ರ ಹತ್ತಿರ ಸರಿದು, ತನ್ನ ಮುಖದ ಮಾಸ್ಕನ್ನು ಸವರಿಕೊಂಡು ಕೇಳಿದಳು:

“ಅಕ್ಕೋರ, ಇನ್ನೊಂದೆರಡು ಕೊಡ್ರಿ. ಯಲಬುರ್ಗಾಕ ನಮ್ಮವ್ವಗ ಕಳಸ್ತೀನಿ. ಎಷ್ಟು ಛಂದ ಹೊಲಿತಾರ್ರಿ ಕುಷ್ಟಗ್ಯಾರು.”

ಸಾಲಿನಲ್ಲಿದ್ದ ಹೆಂಗಸರೆಲ್ಲ ಬೇರೆ ಬೇರೆ ಕಡೆಗೆ ನೋಡತೊಡಗಿದರು. ರೇಣುಕಾದೇವಿಯವರು ಚೀಲದಿಂದ ಎರಡು ಮಾಸ್ಕು ತೆಗೆದು ಕೊಟ್ಟರು.

“ಹೌದವ್ವಾ. ಛಂದ ಹೊಲಿತಾರ.”

ಹೊತ್ತು ಮುಳುಗುವಾಗ ಹಿಟ್ಟಾಯಿತು. ಇಮಾಮಬೀ ಬಾಗಿಲಲ್ಲಿಯೇ ಬುಟ್ಟಿ ತೆಗೆದುಕೊಂಡು, ತಲೆಬಾಗಿಸಿ ಒಳಗೆ ಹೋದಳು. ರೇಣುಕಾದೇವಿಯವರು ಅಂಗಳದಲ್ಲಿಯೇ ನಿಂತರು. ಒಲೆ ಹೊತ್ತಿದ ಹೊಗೆ ಬಂದಿತು. ರೊಟ್ಟಿ ಬಡಿಯುವ ಸದ್ದು ಕೇಳಿಸಿತು, ಒಂದಾಯಿತು, ಇನ್ನೊಂದಾಯಿತು. ಆ ಮನೆಯ ಅಂಗಳದಲ್ಲಿ ನಿಂತವರನ್ನು ಬಿಸಿ ರೊಟ್ಟಿ ತಿನ್ನಿಸದೆ ಕಳಿಸಿದ ದಿನವೇ ಇರಲಿಲ್ಲ. ಸದ್ದು ನಿಂತಿತು. ಒಳಗಿನಿಂದ ಯಾರೂ ಕರೆಯಲಿಲ್ಲ. ಇನ್ನಷ್ಟು ಹೊತ್ತು ನಿಂತಿದ್ದು, ಆಕೆ ಬರಿಗಾಲಲ್ಲಿ ಓಣಿ ಹಿಡಿದು ನಡೆದರು.