ಮೂಗಿಗೆ ಹಾಕಿದ ಫರಸಿ

ನನಗೆ ಸಿಟ್ಟು ಬೇಗ ಬರುತ್ತದೆ ಅಂತ ವಾಡಿಯ ನಮ್ಮ ಸಿಮೆಂಟ್ ಕಾರ್ಖಾನೆಯಲ್ಲಿ ಎಲ್ಲರಿಗೂ ಗೊತ್ತು. ಬರಲಿ ಬಿಡಿ! ಗಣಿ, ಲಾರಿ, ಡೀಲರು, ಎಲ್ಲದರ ಮಾಹಿತಿ ಒಂದೇ ಕಡೆ ಸಿಗುವ ಡೇಟಾ ವೇರ್‌ಹೌಸ್ ಕಟ್ಟಿದವಳು ನಾನು, ಗುಂಡಗುರ್ತಿಯ ಲುಂಬಿನಿ. ಒಂದೇ ಪ್ರಶ್ನೆಯನ್ನು ಎಂಟು ಸರ್ವರ್‌ಗಳು ಹಂಚಿಕೊಂಡು ಹುಡುಕುತ್ತವೆ, ಕಣ್ಣು ಮಿಟುಕಿಸುವುದರೊಳಗೆ ಉತ್ತರ. ಒಂದು ಹಿಂದೆ ಬಿದ್ದರೂ ಉಳಿದವೆಲ್ಲ ಅದಕ್ಕಾಗಿ ಕಾಯಬೇಕು.

ಕಳೆದ ವಾರದಿಂದ ಎಂಟೂ ಹಿಂದೆ ಬಿದ್ದಿದ್ದವು. ಪರದೆಯ ಮೇಲೆ ಒಂದೇ ಎಚ್ಚರಿಕೆ: ಯಂತ್ರಗಳು ಬಿಸಿಯೇರಿವೆ, ಸುಟ್ಟುಹೋಗಬಾರದೆಂದು ತಾವೇ ವೇಗ ಇಳಿಸಿಕೊಂಡಿವೆ. ಎಸಿ ಚೆನ್ನಾಗಿಯೇ ಓಡುತ್ತಿತ್ತು. ಒಳಗೆ ಹೋಗಿ ನೋಡೋಣವೆಂದರೆ ಸರ್ವರ್ ಕೋಣೆಯ ಬೀಗದ ಕೈ ಆಡಳಿತದ ಸಂತೋಷಕುಮಾರ ಸಾಹೇಬರ ಹತ್ತಿರ.

"ಸರ, ಖೋಲಿ ತೆಗೀರಿ. ಒಳಗ ಏನಾಗ್ಯಾದ ನೋಡಬೇಕು."

"ಡೈರೆಕ್ಟರ್ ಸಾಹೇಬ್ರು ಬರೂತನಕ ಯಾರೂ ಒಳಗ ಕಾಲಿಡಂಗಿಲ್ಲ. ಕುಣೀಲಾರದಾಕಿ ನೆಲಾ ಡೊಂಕ ಅಂದ್ಲಂತ, ಹಂಗಾತು ನಿಂದು. ಶುಕ್ರವಾರ ಅವರ ಮುಂದ ನಿನ್ನ ಮಷೀನ್ ಓಡಲಿಲ್ಲಂದ್ರ ಈ ಕೆಲಸ ಹೈದ್ರಾಬಾದಿನ ಕಂಪನಿಗಿ ಹೋಗ್ತದ. ನೀ ಮತ್ತ ಕಾಂಟಾದಾಗ ಲಾರಿ ತೂಗಲಾಕ ಹೋಗು."

ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. ಎರಡು ವರ್ಷ ಹಗಲು ರಾತ್ರಿ ದುಡಿದು ಕಟ್ಟಿದ್ದನ್ನು ಈ ಮನುಷ್ಯ ಒಂದು ಬೀಗದ ಕೈಯಿಂದ ಕೆಡಿಸುತ್ತಿದ್ದ.

ಶುಕ್ರವಾರ ಡೈರೆಕ್ಟರ್ ಬಂದರು, ಬಾಗಿಲು ತೆರೆಯಿತು. ನೆಲಕ್ಕೆ ಹೊಸದಾಗಿ ಹಾಸಿದ ಕಲ್ಲು ಫಳಫಳ ಹೊಳೆಯುತ್ತಿತ್ತು.

"ನಮ್ಮ ಶಹಾಬಾದ ಫರಸಿ, ಸರ. ನೆಲದಾಗಿನ ತೂತಿನ ಟೈಲ್ಸ್ ಭಾಳ ಅಸಹ್ಯ ಕಾಣ್ತಿದ್ವು, ಮುಚ್ಚಿಸೀನಿ," ಎಂದರು ಸಾಹೇಬರು, ಮೀಸೆ ತಿರುವುತ್ತ.

ಅಯ್ಯೋ ಯಪ್ಪಾ! ನೆಲದಡಿ ಹರಿಯುವ ಎಸಿಯ ತಣ್ಣನೆ ಗಾಳಿ ಆ ತೂತುಗಳಿಂದಲೇ ಎದ್ದು ಯಂತ್ರಗಳ ಮುಖಕ್ಕೆ ಬಡಿಯಬೇಕು. ನಮ್ಮ ಕಡೆ ಅಂಗಳಕ್ಕೂ ಫರಸಿ, ಮಾಳಿಗೆಗೂ ಫರಸಿ. ಬರಿ ನೆಲ ಕಂಡರೆ ಕೈ ಸುಮ್ಮನಿರುವುದಿಲ್ಲ. ಹಾಗಂತ ಉಸಿರಾಡುವ ಮೂಗಿಗೂ ಫರಸಿ ಹಾಕುತ್ತಾರೆಯೇ?

ಹೊರಗೆ ಗಟಾರ ಅಗೆಯುತ್ತಿದ್ದವರ ಕೈಯಿಂದ ಹಾರೆ ಕಸಿದುಕೊಂಡು ಬಂದೆ. "ಏ, ಏನ್ ಮಾಡಾಕತ್ತೀದಿ!" ಎಂದು ಸಾಹೇಬರು ಕಿರುಚಿದರು. ನಾನು ಮೊದಲ ಫರಸಿಯ ಸಂದಿಗೆ ಹಾರೆ ತೂರಿಸಿ ಮೀಟಿದೆ. ತಣ್ಣನೆ ಗಾಳಿ ಭುಸ್ಸೆಂದು ಮೇಲೆದ್ದಿತು. ಸ್ವಲ್ಪ ಹೊತ್ತಿಗೆ ಕೋಣೆಯ ಪರದೆಯ ಮೇಲೆ ಒಂದು ಸರ್ವರ್‌ನ ಕಾವು ಇಳಿದು ವೇಗ ಏರಿತು. ಉಳಿದ ಏಳು ಇನ್ನೂ ಕೆಂಪಗೇ ಇದ್ದವು.

ಡೈರೆಕ್ಟರ್ ಪರದೆಯನ್ನೂ ನೆಲವನ್ನೂ ನೋಡಿದರು. "ಹೈದರಾಬಾದಿನ ಮಾತು ಇಲ್ಲಿಗೇ ಬಿಡಿ. ಎಲ್ಲ ಕಲ್ಲೂ ಈಗಲೇ ಏಳಬೇಕು," ಎಂದರು.

ಸಾಹೇಬರು ತಕ್ಷಣ ಹಲ್ಲು ಕಿರಿದರು. "ನಾನೂ ಅದೇ ಹೇಳಿದ್ದೆರಿ, ಸರ. ಈ ಹುಡುಗೀನೇ ತಡ ಮಾಡಿದ್ಳು."

ಎಲಾ ಇವನ! ನಾನು ಹಾರೆಯನ್ನು ಅವರ ಕೈಗೆ ತುರುಕಿದೆ.

"ಹಂಗಾದ್ರ ಉಳದವು ನೀವೇ ಎಬ್ಬಸ್ರಿ, ಸರ. ಬಗ್ಗರಿ."

ಬೇಡವೆನ್ನುತ್ತಾರೇನೋ ಎಂದು ಅವರು ಡೈರೆಕ್ಟರ್ ಮುಖ ನೋಡಿದರು. ಡೈರೆಕ್ಟರ್ ಕುರ್ಚಿ ಎಳೆದುಕೊಂಡು ಕುಳಿತರು. ಸಾಹೇಬರು ಬಗ್ಗಿದರು.