ಅಕ್ಕ ಅಂದ್ಕೊಂಡು ಹೇಳು

ಆಸ್ಪತ್ರೆಯ ಎರಡನೇ ಮಹಡಿಯಲ್ಲಿ, ಹಿಂದೊಮ್ಮೆ ಎಕ್ಸ್-ರೇ ತೆಗೆಯುತ್ತಿದ್ದ ಕೋಣೆಯಲ್ಲಿ, ಒಬ್ಬ ಆಪ್ತ ಸಮಾಲೋಚಕಿ ಕೂರುತ್ತಿದ್ದಳು. ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಅವಳ ಬಳಿಗೆ ಬಂದವಳು ಹೊಲಿಗೆಯವಳು. ಎದುರು ಬೀದಿಯ ಕಟ್ಟಡವೊಂದರ ಮೆಟ್ಟಿಲ ಕೆಳಗೆ, ಗೂಡಿನಂಥ ಜಾಗದಲ್ಲಿ ಮಿಷನ್ ಇಟ್ಟುಕೊಂಡು, ಊರವರ ಹರಿದದ್ದು, ಬಿಗಿಯಾದದ್ದು, ಜೋತುಬಿದ್ದದ್ದನ್ನೆಲ್ಲ ಸರಿಮಾಡಿ ಕೊಡುವವಳು. ಬಹಳ ಕಾಲ ಹಾಸಿಗೆ ಹಿಡಿದಿದ್ದ ಅವಳ ಅಕ್ಕ ತೀರಿಕೊಂಡಿದ್ದಳು. ಅಂದಿನಿಂದ ಇವಳ ಕಣ್ಣಿಗೆ ನಿದ್ದೆ ಹತ್ತಿರಲಿಲ್ಲ. "ಇದು ಮಾತ್ರೆಗೆ ಹೋಗೋದಲ್ಲಮ್ಮಾ, ಮೇಲೆ ಹೋಗಿ ಮಾತಾಡು" ಎಂದು ಡಾಕ್ಟರು ಕಳಿಸಿದ್ದರು.

ಮೊದಲ ದಿನ ಅವಳು ಕುರ್ಚಿಯ ತುದಿಯಲ್ಲಿ ಕೂತು ಕೇಳಿದ್ದು ಒಂದೇ.

"ನಮ್ಮ ಪೈಕಿ ಯಾರೂ ನಿಮಗೆ ಗೊತ್ತಿಲ್ಲ ತಾನೇ ಮೇಡಂ?"

"ಯಾರೂ ಗೊತ್ತಿಲ್ಲ."

"ಹಾಗಾದ್ರೆ ಹೇಳ್ತೀನಿ. ಅವತ್ತು ಮಧ್ಯಾಹ್ನ ಮಾಳಿಗೆ ಮೇಲೆ ಬಟ್ಟೆ ಹರವ್ತಾ ಇದ್ದೆ. ಕೆಳಗಿನಿಂದ ಅಕ್ಕ ಕೂಗಿದ್ಲು. ಕೇಳಿಸ್ಲಿಲ್ಲ ಅಂತಲ್ಲ. ಕೇಳಿಸ್ತು. ಆದ್ರೆ ನಾನು…"

ಅವಳು ಅಳತೊಡಗಿದಳು. ಆಗ ಸಮಾಲೋಚಕಿ ಸುಮ್ಮನಿದ್ದಿದ್ದರೆ ಸಾಕಿತ್ತು. ಆದರೆ ಅವಳು ಅಜ್ಜಿಯ ಮಗ್ಗುಲಲ್ಲಿ ಕತೆ ಕೇಳಿ ಬೆಳೆದವಳು. ಆ ಕತೆಗಳಲ್ಲಿ ದಿಕ್ಕಿಲ್ಲದೆ ಅಳುವವಳ ಮುಂದೆ ಮರವನ್ನಾದರೂ ಸೀಳಿಕೊಂಡು ಒಬ್ಬ ತಾಯಿಯೋ ಅಕ್ಕನೋ ಹೊರಗೆ ಬರುತ್ತಿದ್ದಳು. ಇವಳೂ ಕುರ್ಚಿ ಎಳೆದುಕೊಂಡು ಆ ಕೈ ಹಿಡಿದು ಅಂದುಬಿಟ್ಟಳು:

"ನನ್ನನ್ನೇ ನಿನ್ನ ಅಕ್ಕ ಅಂದ್ಕೊಂಡು ಹೇಳು."

ಹೊಲಿಗೆಯವಳು ಒಂದು ಗಳಿಗೆ ಅವಳನ್ನೇ ದಿಟ್ಟಿಸಿದಳು. ಆಮೇಲೆ ಅಂಗೈಯಿಂದ ಮುಖ ಒರೆಸಿಕೊಂಡು, "ನಿನ್ನ ಕಿಟಕಿ ಪರದೆ ಅಂಚು ಬಿಚ್ಚಿಹೋಗಿದೆಯಲ್ಲಕ್ಕಾ" ಎಂದಳು.

ಅಷ್ಟೇ. ಮುಂದಿನ ವಾರ ಪರದೆಗೆ ಅಂಚು ಬಂತು. ದಿಂಬಿಗೆ ಗವಸು ಬಂತು. ಸಮಾಲೋಚಕಿಯ ಅಂಗಿಯ ಗುಂಡಿ ಸಡಿಲಾಗಿದ್ದು ಕಂಡು, "ಅಲ್ಲಾಡಬೇಡಕ್ಕಾ, ಸೂಜಿ ಚುಚ್ಚೀತು" ಎಂದು ಮೈಮೇಲೇ ಹೊಲಿದು, ಹಲ್ಲಿನಲ್ಲಿ ದಾರ ಕಡಿದಳು. ಗಿರಾಕಿಗಳ ಸುದ್ದಿಯಂತೂ ಮುಗಿಯುತ್ತಲೇ ಇರಲಿಲ್ಲ. "ಮೈ ಬೆಳೆಸ್ಕೊಂಡಿದ್ದು ತಾನು, ಬೈಸ್ಕೊಂಡಿದ್ದು ನನ್ನ ಕತ್ತರಿ!" ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆ ಮಧ್ಯಾಹ್ನದ ಮಾತೆತ್ತಿದರೆ ಮಾತ್ರ, "ಬಿಡಕ್ಕಾ, ನಿನ್ನ ಹತ್ರ ಅದೆಲ್ಲ ಯಾಕೆ" ಎಂದು ಎದ್ದುಬಿಡುತ್ತಿದ್ದಳು. ಅವಳ ಕಣ್ಣ ಕೆಳಗಿನ ಕಪ್ಪು ವಾರವಾರಕ್ಕೂ ಹೆಚ್ಚುತ್ತಲೇ ಇತ್ತು.

ಸಮಾಲೋಚಕಿಯ ಕೆಲಸವನ್ನು ಕೇಳಿ ತಿದ್ದಬೇಕಾದವರು ಅಲ್ಲಿಯ ಹಿರಿಯ ಸಮಾಲೋಚಕರು. ಮಹಡಿಯವರೆಲ್ಲ ಅವರನ್ನು ದೊಡ್ಡಮ್ಮ ಎನ್ನುತ್ತಿದ್ದರು. ವಾರಕ್ಕೊಮ್ಮೆ ನಡೆದದ್ದನ್ನು ಕೇಳಿ, "ಚೆನ್ನಾಗಿ ಹೋಗ್ತಿದೆ ಮಗಳೇ, ಇನ್ನೊಂಚೂರು ನೋಡ್ಕೋ" ಎನ್ನುತ್ತಿದ್ದರು. ಏನನ್ನು ನೋಡಿಕೊಳ್ಳಬೇಕೆಂದು ಅವರು ಹೇಳಲಿಲ್ಲ, ಇವಳು ಕೇಳಲಿಲ್ಲ. ಒಂದು ದಿನ ಅವರೇ ಕೋಣೆಗೆ ಬಂದು ಪರದೆ, ದಿಂಬು, ಗುಂಡಿ ಎಲ್ಲ ಕಂಡು ಬಾಗಿಲು ಮುಚ್ಚಿದರು.

"ಇಷ್ಟೂ ಅವಳೇ ಹೊಲಿದಿದ್ದಾ?"

"ಹೂಂ. ನನ್ನ ಕಂಡ್ರೆ ತುಂಬಾ ಅಕ್ಕರೆ ಅವಳಿಗೆ."

"ಅಕ್ಕರೆ ಅಲ್ಲ ಕಣೇ, ಹೆದರಿಕೆ. ಅಕ್ಕನ ವಿಷಯ ಹೇಳ್ಕೊಳ್ಳೋಕೆ ಹೊರಗಿನೋರು ಒಬ್ಬರು ಬೇಕು ಅಂತ ಮೆಟ್ಟಿಲು ಹತ್ತಿ ಬಂದ್ಲು. ನೀನು ಹೋಗಿ ಹೋಗಿ ಅಕ್ಕನೇ ಆಗಿ ಕೂತೆ. ಅಕ್ಕನ ಮುಖ ನೋಡ್ಕೊಂಡು ಅದನ್ನ ಹೇಳೋಕಾಗುತ್ತಾ? ಆ ಅಕ್ಕನಿಗೆ ಮಾಡದೆ ಹೋದ ಆರೈಕೇನ ನಿನಗೆ ಮಾಡ್ತಾ ಇದಾಳೆ."

ಸಮಾಲೋಚಕಿ ಅಂಗಿಯ ಗುಂಡಿ ಮುಟ್ಟಿಕೊಂಡಳು. "ಇದನ್ನ ಮೊದಲೇ ಯಾಕೆ ಹೇಳ್ಲಿಲ್ಲ ದೊಡ್ಡಮ್ಮ?"

"ಕುರ್ಚಿ ಎಳ್ಕೊಂಡೆ ಅಂತ ನೀನಂದ ದಿನವೇ ಗೊತ್ತಾಗಿತ್ತು. ಪಾಪ, ಹೊಸಬಳು, ಮುಖ ಸಣ್ಣದು ಮಾಡ್ಕೊಳ್ತಾಳೆ ಅಂತ ಹೊಗಳಿ ಕಳಿಸ್ದೆ. ನೀನು ಅವಳಿಗೆ ಮಾಡಿದ್ದನ್ನೇ ನಾನು ನಿನಗೆ ಮಾಡ್ದೆ." ಅವರು ಕನ್ನಡಕ ತೆಗೆದು ಒರೆಸಿದರು. "ತಪ್ಪು ನಂದು ಅಂತ ಅವಳಿಗೆ ಮೊದಲು ಹೇಳು. ಗೆರೆ ಎಳೆಯೋದು ಆಮೇಲೆ."

ಮುಂದಿನ ವಾರ ಹೊಲಿಗೆಯವಳು ಬಂದಾಗ ಸಮಾಲೋಚಕಿ ಅವರು ಹೇಳಿದಂತೆಯೇ ಮಾಡಿದಳು. ಕುರ್ಚಿಯನ್ನು ಹಿಂದಕ್ಕೆ ಹಾಕಿದಳು. "ತಪ್ಪು ನನ್ನದು. ನಾನು ನಿಮ್ಮ ಅಕ್ಕ ಆಗಬಾರದಿತ್ತು. ಇನ್ನು ಹಾಗೆ ಕರೀಬೇಡಿ, ನನಗೇನೂ ಹೊಲಿದು ತರಬೇಡಿ. ಇಲ್ಲಿ ನೀವು ಏನು ಬೇಕಾದ್ರೂ ಹೇಳಬಹುದು, ನಾನು ಹೊರಗಿನವಳು" ಎಂದಳು. ಒಂದು ಮಾತೂ ತಪ್ಪಿರಲಿಲ್ಲ. ತಡವಾಗಿತ್ತು.

ಹೊಲಿಗೆಯವಳು ಎದ್ದು ನಿಂತಳು. "ನಾನು ಮಾಡಿದ್ದು ಗೊತ್ತಾಯ್ತಾ ನಿನಗೆ?"

"ಏನು?"

"ಅದಕ್ಕೇ ನಾನು ಬೇಡ ಆದೆ."

"ಇಲ್ಲ, ಖಂಡಿತ ಹಾಗಲ್ಲ. ಪಕ್ಕದ ಕಟ್ಟಡದಲ್ಲಿ ಇನ್ನೊಬ್ಬರು ಸಮಾಲೋಚಕರಿದ್ದಾರೆ. ನಿಮ್ಮನ್ನ ಕಂಡೇ ಇಲ್ಲ ಅವರು. ಅವರ ಹತ್ರ…"

"ಮತ್ತೆ ಮೊದಲಿಂದಾನಾ?" ಅವಳು ನಕ್ಕಳು. ಗಿರಾಕಿಗಳ ಸುದ್ದಿ ಹೇಳುವಾಗಿನ ನಗುವಲ್ಲ ಅದು. "ಆ ಮಾತು ನಾಲಿಗೆ ತುದಿಗೆ ಬರೋಷ್ಟರಲ್ಲಿ ನನ್ನ ಜೀವ ಹಣ್ಣಾಗಿತ್ತು ಮೇಡಂ. ಈಗ ಒಳಗೆ ಎಲ್ಲಿ ಹೋಗಿ ಕೂತಿದೆಯೋ, ತಡಕಿದ್ರೂ ಸಿಗಲ್ಲ. ಬಿಡಿ. ನಂಗೇನಾಗಿದೆ, ಚೆನ್ನಾಗೇ ಇದೀನಿ."

ಮೇಡಂ ಎಂದದ್ದು ಇಬ್ಬರಿಗೂ ಕೇಳಿಸಿತು. ಅವಳು ಕೈಮುಗಿದು ಹೋದಳು. ಮತ್ತೆ ಬರಲಿಲ್ಲ.

ಸಮಾಲೋಚಕಿ ಈಗಲೂ ಸಂಜೆ ಆ ಬೀದಿಯಲ್ಲೇ ಬಸ್ಸಿಗೆ ಹೋಗುತ್ತಾಳೆ. ಇವಳನ್ನು ಕಂಡರೆ ಹೊಲಿಗೆಯವಳು ಮಿಷನ್ ನಿಲ್ಲಿಸಿ, ಎದ್ದು ನಿಂತು, "ನಮಸ್ಕಾರ ಮೇಡಂ" ಎನ್ನುತ್ತಾಳೆ. ಗುಳಿಬಿದ್ದ ಕಣ್ಣು. ನಿದ್ದೆ ಬರುತ್ತಾ ಎಂದು ಬೀದಿಯಲ್ಲಿ, ಗಿರಾಕಿಗಳ ಮುಂದೆ, ಕೇಳುವಂತಿಲ್ಲ. ಇವಳೂ ನಮಸ್ಕಾರ ಎನ್ನುತ್ತಾಳೆ. ಇವಳು ದಾಟಿ ಹೋಗುವವರೆಗೂ ಅವಳು ಕೂರುವುದಿಲ್ಲ.