ಕೂತವರು ಏಳುವ ತನಕ

ನನಗೆ ಹೆಣ್ಣು ಕೊಟ್ಟ ಅತ್ತೆ ಸಭಾಭವನದ ಮೂರನೇ ಸಾಲಿನ ಕೊನೆಯ ಕುರ್ಚಿಯಲ್ಲಿ ಕೂತು ಮೂರು ವಾರ ದಾಟಿತ್ತು. ಆ ಭವನದ ಬೀಗದ ಕೈ, ಕುರ್ಚಿ, ಮೈಕು, ಪೊರಕೆ ಎಲ್ಲ ನನ್ನ ಸುಪರ್ದಿನಲ್ಲಿದ್ದವು. ಆದರೂ ಅಷ್ಟು ದಿನ ನಾನು ಒಳಗೆ ಕಾಲಿಟ್ಟಿರಲಿಲ್ಲ. ಅತ್ತೆಗೂ ನನಗೂ ಜಗಳವೇನಿಲ್ಲ. ಜಗಳವಾಗಿದ್ದರೆ ಎಷ್ಟೋ ವಾಸಿಯಿತ್ತು.

ಮೊದಲಿನಿಂದ ಹೇಳುತ್ತೇನೆ. ನನ್ನ ಹೆಂಡತಿ ಬೆಟ್ಟದವಳು. ಬೆಟ್ಟದವರು ಎಂದರೆ ಊರ ಹಿಂದಿನ ಬೆಟ್ಟದಲ್ಲಿ, ಊರು ಹುಟ್ಟುವುದಕ್ಕೆ ಮೊದಲಿನಿಂದ ಇರುವ ಜನ. ಆ ಬೆಟ್ಟದ ಹೊಟ್ಟೆಯಲ್ಲಿ ಅದಿರಿದೆ ಎಂದು ಒಂದು ಕಂಪನಿಗೆ ಗೊತ್ತಾಯಿತು. ಅಗೆಯಬೇಕಾದರೆ ಬೆಟ್ಟದವರ ಒಪ್ಪಿಗೆ ಬೇಕು, ಅದೂ ಅವರ ಪದ್ಧತಿಯ ಪ್ರಕಾರವೇ ಆಗಬೇಕು ಎಂದಿತು ಕಾನೂನು. ಒಪ್ಪಿಗೆ ತರುವುದಕ್ಕೆಂದೇ ಕಂಪನಿ ಒಬ್ಬ ಅಧಿಕಾರಿಯನ್ನು ನೇಮಿಸಿತು. ಊರಿನವರು ಅವರನ್ನು ಒಪ್ಪಿಗೆ ಸಾಹೇಬರು ಎಂದು ಕರೆದರು. ಯಾರು ಏನು ಹೇಳಿದರೂ ಅವರು ತಲೆಯಾಡಿಸುತ್ತಿದ್ದರು. ಸಂಬಳದಲ್ಲಿ ಅದೂ ಸೇರಿತ್ತೆಂದು ಕಾಣುತ್ತದೆ.

ಬೆಟ್ಟದವರ ಪದ್ಧತಿ ಸರಳ. ಮಾತು ನಡೆಯುವಾಗ ಎಲ್ಲರೂ ಕೂತಿರುತ್ತಾರೆ. ಒಪ್ಪಿದವರು ಎದ್ದು ಮನೆಗೆ ಹೋಗುತ್ತಾರೆ, ಹೋದವರು ಮತ್ತೆ ಬಂದು ಕೂರುವ ಹಾಗಿಲ್ಲ. ಒಬ್ಬರೇ ಕೂತಿದ್ದರೂ ಮಾತು ಮುಗಿದಿಲ್ಲವೆಂದು ಅರ್ಥ. ಬಚ್ಚಲಿಗೋ ಊಟಕ್ಕೋ ಹೋಗಬೇಕಾದರೆ ಅದೇ ಮನೆಮಂದಿಯಲ್ಲಿ ಒಬ್ಬರು ಜಾಗ ಹಿಡಿಯಬಹುದು. ಇದನ್ನು ಕೇಳಿ ಸಾಹೇಬರಿಗೆ ಸಂತೋಷವಾಯಿತು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಜನ ಎಷ್ಟು ಹೊತ್ತು ಕೂರುತ್ತಾರೆಂದು ಅವರಿಗೆ ಅನುಭವದಿಂದ ಗೊತ್ತಿತ್ತು.

ಮೊದಲ ದಿನ ಅವರು ಪರದೆಯ ಮೇಲೆ ರಸ್ತೆ, ಆಸ್ಪತ್ರೆ, ಶಾಲೆಯ ಚಿತ್ರ ತೋರಿಸಿದರು. ಕೆಲವರು ಎದ್ದರು. ಅವರನ್ನು ನಾನು ದೂರುವುದಿಲ್ಲ. ನೋವು ತಿನ್ನುವ ಹೆಂಡತಿಯನ್ನು ಹೆರಿಗೆಗೆ ಹೊತ್ತುಕೊಂಡು ಬೆಟ್ಟ ಇಳಿದವನಿಗೆ ರಸ್ತೆ ಎಂದರೇನೆಂದು ಗೊತ್ತು. ಕೂಲಿ ತಪ್ಪುತ್ತದೆಂದು ಮರುದಿನ ಇನ್ನಷ್ಟು ಜನ ಎದ್ದರು, ಸೊಂಟ ನೋವೆಂದು ಕೆಲವರು. ವಾರ ಮುಗಿಯುವಷ್ಟರಲ್ಲಿ ಉಳಿದವರು ಅತ್ತೆ ಒಬ್ಬರೇ. ಸಾಹೇಬರು ಅವರ ಎದುರಿಗೆ ಕುರ್ಚಿ ಎಳೆದುಕೊಂಡು ಕೂತದ್ದನ್ನು ನಾನು ಕಿಟಕಿಯಿಂದ ನೋಡಿದೆ.

“ಅಮ್ಮ, ನಿಮಗೇನು ಅನುಮಾನ ಇದೆ, ಕೇಳಿ.”

“ಬೇಡ ಅಂದ್ರೆ ಏನು ಮಾಡ್ತೀರಿ?” ಅಂದರು ಅತ್ತೆ.

ಸಾಹೇಬರು ತಲೆಯಾಡಿಸಿದರು. “ಇನ್ನೊಂದು ಸಲ ಬಂದು ಕೇಳ್ತೀವಿ.”

“ಆಗಲೂ ಬೇಡ ಅಂದ್ರೆ?”

“ಮತ್ತೆ ಕೇಳ್ತೀವಿ.”

“ಹೂಂ ಅಂದ್ರೆ?”

“ಹೂಂ ಅಂದ್ರೆ ಮುಗೀತಲ್ಲ. ಆಮೇಲೆ ಯಾಕೆ ಕೇಳೋದು?”

“ಹಾಗಾದ್ರೆ ಕೂತಿರ್ತೀನಿ,” ಅಂದರು ಅತ್ತೆ.

ಇನ್ನು ನನ್ನ ಸಂಕಟ. ಬೆಟ್ಟದವರಲ್ಲಿ ಅಳಿಯ ಹೊಸ್ತಿಲು ದಾಟಿ ಒಳಗೆ ಬಂದರೆ ಅತ್ತೆ ಎದ್ದು ನಿಲ್ಲಬೇಕು, ಅವನು ಹೋಗುವವರೆಗೆ ಕೂರಬಾರದು. ಅಳಿಯ ಅತಿಥಿ, ತಲೆ ನರೆತರೂ ಅತಿಥಿಯೇ. ನನ್ನ ಮದುವೆಯಾಗಿ ಹದಿನಾರು ವರ್ಷವಾದರೂ ಅತ್ತೆ ಒಮ್ಮೆಯೂ ನನ್ನ ಎದುರಿಗೆ ಕೂತವರಲ್ಲ. ಒಮ್ಮೆ ಜ್ವರವೆಂದು ನೋಡಲು ಹೋದರೆ ಗೋಡೆ ಹಿಡಿದು ಎದ್ದು, “ಬನ್ನಿ ಅಳಿಯಂದಿರೇ,” ಅಂದು, ನಡುಗುತ್ತಾ ನಿಂತೇ ಇದ್ದರು. ಅವರು ಮಲಗಲಿ ಎಂದು, ಅವರು ಕೊಟ್ಟ ನೀರನ್ನೂ ಕುಡಿಯದೆ ನಾನು ಎದ್ದು ಬಂದೆ. ಅದು ಮರ್ಯಾದೆ ಎನ್ನುತ್ತಿದ್ದಳು ಹೆಂಡತಿ. ನನಗೆ ಮಾತ್ರ, ನೀನು ಹೊರಗಿನವನು ಎಂದು ಪ್ರತಿ ಸಲವೂ ಹೇಳಿಸಿಕೊಂಡಂತೆ ಆಗುತ್ತಿತ್ತು. ಹದಿನಾರು ವರ್ಷ ಬೇಜಾರಾಗಿದೆ.

“ರೀ, ಒಳಗೇನಾದ್ರೂ ಕಾಲಿಟ್ಟೀರ ಮತ್ತೆ,” ಅಂದಿದ್ದಳು ಹೆಂಡತಿ ಮೊದಲ ದಿನವೇ. ಮಾತು ಮುಗಿಸಲಿಲ್ಲ, ಮುಗಿಸುವ ಅಗತ್ಯವೂ ಇರಲಿಲ್ಲ. ಅವಳಿಗೆ ಹೊಲಿಗೆ ಅಂಗಡಿಯಲ್ಲಿ ಕೆಲಸ. ಬೆಳಿಗ್ಗೆ ಹೋಗುವ ಮೊದಲು, ಊಟದ ಬಿಡುವಿನಲ್ಲಿ, ಸಂಜೆ ಬಂದ ಮೇಲೆ ತಾಯಿಯ ಜಾಗ ಹಿಡಿಯುತ್ತಿದ್ದಳು. ನಾನು ಉದ್ದ ಕೋಲಿನ ತುದಿಗೆ ಪೊರಕೆ ಕಟ್ಟಿ ಕಿಟಕಿಯಿಂದ ಗುಡಿಸುತ್ತಿದ್ದೆ. ಅಳಿಯ ಮನೆ ತೊಳಿಯ ಎನ್ನುತ್ತಾರೆ. ಈ ಅಳಿಯನಿಗೆ ಭವನದ ನೆಲ ತೊಳೆಯುವುದಕ್ಕೂ ಆಗಲಿಲ್ಲ.

ಭವನದ ಬೇರೆ ಕಾರ್ಯಕ್ರಮಗಳು ನಿಲ್ಲಲಿಲ್ಲ. ಒಂದು ಮದುವೆ ನಡೆಯಿತು. ಹೆಣ್ಣಿನವರು ಅತ್ತೆಯನ್ನು ಗಂಡಿನ ಕಡೆಯವರೆಂದೂ ಗಂಡಿನವರು ಹೆಣ್ಣಿನ ಕಡೆಯವರೆಂದೂ ತಿಳಿದು ಇಬ್ಬರೂ ಊಟ ತಂದುಕೊಟ್ಟರು. ಒಂದು ಪರೀಕ್ಷೆ ನಡೆಯಿತು, ಅತ್ತೆಗೂ ಒಂದು ಪ್ರಶ್ನೆಪತ್ರಿಕೆ ಸಿಕ್ಕಿತು. ಸಾಹೇಬರೂ ಸುಮ್ಮನಿರಲಿಲ್ಲ. ಒಂದು ದಿನ ಮೈಕು ಹಿಡಿದು, ಅಗಲಿದವರ ಗೌರವಾರ್ಥ ಎಲ್ಲರೂ ಎದ್ದು ನಿಂತು ಮೌನ ಆಚರಿಸಬೇಕೆಂದು ಕೋರಿದರು.

“ಯಾರು ತೀರಿಕೊಂಡಿದ್ದು?” ಎಂದು ಕೇಳಿದರು ಅತ್ತೆ.

ಸಾಹೇಬರು ಅಷ್ಟು ದೂರ ಯೋಚಿಸಿರಲಿಲ್ಲ.

ಕೊನೆಗೆ ಗುಟ್ಟು ರಟ್ಟಾದದ್ದು ಹೆಂಡತಿಯ ಚಿಕ್ಕಪ್ಪನಿಂದ. ಅವರು ಮೊದಲ ದಿನವೇ ಎದ್ದು ಹೋದವರು. ಸಾಹೇಬರ ಜೊತೆ ಚಹಾ ಕುಡಿಯುತ್ತಾ, ನಾನು ಯಾಕೆ ಕಿಟಕಿಯಲ್ಲಿ ನೇತಾಡುತ್ತೇನೆಂದು ನಗೆಯಾಡಿದ್ದಾರೆ. ಸಾಹೇಬರು ನಗಲಿಲ್ಲವಂತೆ. ಅಂದೇ ನನ್ನನ್ನು ಕರೆಸಿದರು.

“ನೀವಿನ್ನೂ ಹಂಗಾಮಿ ಅಲ್ವಾ?”

“ಹೌದು ಸಾರ್, ಹನ್ನೊಂದು ವರ್ಷದಿಂದ.”

“ನಾಳೆ ಮಧ್ಯಾಹ್ನ ಪೊರಕೆ ಹಿಡ್ಕೊಂಡು ಒಳಗೆ ಹೋಗಿ. ಅಷ್ಟೇ. ಬೇರೆ ಏನೂ ಮಾಡ್ಬೇಡಿ. ಮೇಲಿನವರಿಗೆ ಹೇಳಿ ಕಾಯಂ ಮಾಡಿಸೋದು ನನ್ನ ಜವಾಬ್ದಾರಿ.”

“ಹೋಗದಿದ್ರೆ ಸಾರ್?”

“ಒಳಗೇ ಹೋಗದವನನ್ನ ಭವನ ನೋಡ್ಕೊಳ್ಳೋಕೆ ಯಾರಾದ್ರೂ ಇಟ್ಕೋತಾರಾ?” ಎಂದು ತಲೆಯಾಡಿಸಿದರು. ಮಾತು ನ್ಯಾಯವಾಗಿಯೇ ಇತ್ತು.

ನಾನು ಹೆಂಡತಿಗೆ ಹೇಳಲಿಲ್ಲ. ಅತ್ತೆಯ ಮೇಲೆ ಸಿಟ್ಟು ಬಂತು, ಬೆಟ್ಟದ ಮೇಲೂ ಬಂತು, ಕೆಲಸ ಹೋದರೆ ಏನು ಗತಿಯೆಂದು ರಾತ್ರಿಯೆಲ್ಲ ಲೆಕ್ಕ ಹಾಕಿದೆ. ಕೈಗೆ ಬಂದ ತುತ್ತು ಬಾಯಿಗೆ ಬರಬಾರದೆಂದು ಯಾರು ಬಯಸುತ್ತಾರೆ?

ಮರುದಿನ ಮಧ್ಯಾಹ್ನ, ಹೆಂಡತಿ ಜಾಗ ಹಿಡಿದಿದ್ದು ಅಂಗಡಿಗೆ ಮರಳಿದ ಮೇಲೆ, ಸಾಹೇಬರು ಬೆಟ್ಟದ ಹಿರಿಯರನ್ನು ಕರೆದು ಮುಂದಿನ ಸಾಲಿನ ಪಕ್ಕ ನಿಲ್ಲಿಸಿದರು. ಬೆಟ್ಟದವರ ಮಾತಿಗೆ ಕೊನೆಯ ತೀರ್ಪು ಹೇಳುವವರು ಅವರು. ಒಬ್ಬ ವಿಡಿಯೊದವನೂ ಬಂದಿದ್ದ. ನಾನು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ನಡೆದೆ.

ಅತ್ತೆ ನನ್ನನ್ನು ನೋಡಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ನನಗೆ ಕಷ್ಟವಾದದ್ದು ಅದೇ. ಅವರು ಏಳದೆ ಇರಬಹುದಿತ್ತು. ಆದರೆ ಪದ್ಧತಿಯೆಂದು ಕೂತವರು ಇನ್ನೊಂದು ಪದ್ಧತಿಯನ್ನು ಮುರಿದರೆ ಕೂತದ್ದಕ್ಕೆ ಏನು ಬೆಲೆ? ಅದು ಸಾಹೇಬರಿಗೂ ಗೊತ್ತಿತ್ತು. ಅತ್ತೆ ಕುರ್ಚಿಯ ಕೈಗಳ ಮೇಲೆ ಅಂಗೈ ಊರಿದರು. ಮೂರು ವಾರ ಕೂತ ಮಂಡಿಗಳು ಬೇಗ ಬಿಡಿಸಿಕೊಳ್ಳಲಿಲ್ಲ. ಅವರು ಪೂರ್ತಿ ಎದ್ದು ನಿಲ್ಲುವಷ್ಟರಲ್ಲಿ ನಾನು ಮೂರನೇ ಸಾಲಿಗೆ ತಲುಪಿದ್ದೆ.

“ಬನ್ನಿ ಅಳಿಯಂದಿರೇ,” ಅಂದರು, ಎಂದಿನ ಹಾಗೆ.

ಸಾಹೇಬರು ಹಿರಿಯರ ಕಡೆ ತಿರುಗಿ “ಮುಗೀತಲ್ಲ” ಎನ್ನುವಾಗ ನಾನು ಅತ್ತೆಯ ಕುರ್ಚಿಯಲ್ಲಿ ಕೂತಿದ್ದೆ. ಧೈರ್ಯವೆಂದು ಹೇಳಿಕೊಳ್ಳುವ ಹಾಗಿಲ್ಲ. ಎದುರಿಗೆ ಖಾಲಿ ಕುರ್ಚಿಯಿತ್ತು, ಕೂತುಬಿಟ್ಟೆ. ಅದು ಇನ್ನೂ ಬೆಚ್ಚಗಿತ್ತು.

“ಏನ್ರೀ ಇದು?”

“ಜಾಗ ಹಿಡಿದಿದೀನಿ ಸಾರ್.”

“ಜಾಗ ಹಿಡಿಯೋಕೆ ಅದೇ ಮನೆಮಂದಿ ಆಗಿರ್ಬೇಕು. ಅಳಿಯ ಅತಿಥಿ. ಅದಕ್ಕೇ ತಾನೇ ಅವರು ಎದ್ದಿದ್ದು?”

ಸಾಹೇಬರು ಪದ್ಧತಿಯನ್ನು ಚೆನ್ನಾಗಿ ಓದಿಕೊಂಡಿದ್ದರು. ಹಿರಿಯರೂ ಹೌದೆಂದು ಗಲ್ಲ ಸವರಿಕೊಂಡು ಅತ್ತೆಯನ್ನು ಕೇಳಿದರು: “ಏನಮ್ಮ, ನೀನೇ ಹೇಳ್ಬೇಕು. ಇವರು ಅತಿಥಿನಾ, ಮನೆ ಮನುಷ್ಯನಾ?”

ಅತ್ತೆ ನನ್ನ ಕಡೆ ತಿರುಗಿದರು. ಅವರು ನಿಂತು ನಾನು ಕೂತಿರುವುದು ಹದಿನಾರು ವರ್ಷದಿಂದ ನಡೆದು ಬಂದದ್ದೇ. ಆ ದಿನ ಮಾತ್ರ ನಾನು ಅವರ ಮುಖ ನೋಡುತ್ತಾ ಕಾದೆ. ಬೆಟ್ಟಕ್ಕಾಗಿ ಕಾದೆ ಎಂದರೆ ಸುಳ್ಳಾಗುತ್ತದೆ. ನನಗಾಗಿಯೇ ಕಾದೆ.

“ನಮ್ಮನೆ ಹುಡುಗ,” ಅಂದರು ಅತ್ತೆ. ನನಗೆ ನಲವತ್ತೈದು ದಾಟಿದೆ. ಆಮೇಲೆ ನನ್ನ ಕಡೆ ಬಗ್ಗಿ, “ನೆಟ್ಟಗೆ ಕೂತ್ಕೋ. ಆ ಕುರ್ಚಿ ಒಂದು ಕಾಲು ಕುಂಟು,” ಅಂದರು.

“ಮಾತು ಮುಗಿದಿಲ್ಲ ಸಾಹೇಬರೇ,” ಎಂದು ಹಿರಿಯರು ಹೊರಟುಹೋದರು. ಅತ್ತೆ ಮನೆಗೆ ಹೋಗಿ ಕಾಲು ಚಾಚಿ ಮಲಗಿದರು.

ನನ್ನ ಕೆಲಸ ಸಂಜೆಯೊಳಗೆ ಹೋಯಿತು. ಹೊಸಬ ಬಂದಿದ್ದಾನೆ, ಗುಡಿಸುವಾಗ “ಕಾಲೆತ್ತಿ ಸಾರ್” ಎನ್ನುತ್ತಾನೆ. ಮೂಲೆ ಬಿಡುತ್ತಾನೆ, ನಾನು ಹೇಳುತ್ತೇನೆ. ಕಾಯಂ ಆಗಬೇಕೆಂದು ಹನ್ನೊಂದು ವರ್ಷ ಒದ್ದಾಡಿದವನು ಈಗ ಈ ಭವನದಲ್ಲಿ ಎಲ್ಲರಿಗಿಂತ ಕಾಯಂ. “ಕೂತು ಉಣ್ಣೋರಿಗೆ ಕುಡಿಕೆ ಹೊನ್ನೂ ಸಾಲದಂತೆ, ಗೊತ್ತಾ?” ಅಂದಳು ಹೆಂಡತಿ. ಅಂದು, ಅಂಗಡಿಯಿಂದ ಇನ್ನೊಂದು ಗಂಟು ಹೊಲಿಗೆ ಮನೆಗೆ ತಂದಳು.

ನಾನು ಕೂತ ಮರುದಿನ ಮಧ್ಯಾಹ್ನ ಅತ್ತೆ ಊಟದ ಡಬ್ಬಿ ಹಿಡಿದು ಬಾಗಿಲಲ್ಲಿ ಕಂಡರು. ದೊಡ್ಡವರು ಬಂದರೆ ಏಳಬೇಕೆಂದು ನನಗೂ ಹೆತ್ತವರು ಕಲಿಸಿದ್ದಾರೆ. ನನಗೇ ತಿಳಿಯದೆ ಕೈ ಕುರ್ಚಿಯ ಕೈಗಳ ಮೇಲೆ ಹೋಯಿತು, ಮೈ ಅರ್ಧ ಎದ್ದಿತು. ಮುಂದಿನ ಸಾಲಿನಲ್ಲಿದ್ದ ಸಾಹೇಬರು ಉಸಿರು ಬಿಗಿಹಿಡಿದರು.

ಅತ್ತೆ ಬೇಗ ಬೇಗ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟು ಕೆಳಕ್ಕೆ ಒತ್ತಿದರು. ಅವರ ಕೈ ನನಗೆ ತಾಗಿದ್ದು ಅದೇ ಮೊದಲು.

“ಕೂತ್ಕೊಂಡೇ ತಿನ್ನು,” ಅಂದರು.

ಡಬ್ಬಿ ಬಿಚ್ಚಿ ನನ್ನ ಕೈಗೆ ಕೊಟ್ಟರು. ಆಮೇಲೆ ಪಕ್ಕದ ಕುರ್ಚಿಯ ಧೂಳು ಸೆರಗಿನಿಂದ ಒರೆಸಿ, ನನ್ನ ಕಣ್ಣೆದುರಿಗೇ, ತಾವೂ ಕೂತರು.